ಜಾಗ ಮೊದಲು, ಬಾಕ್ಸು ಆಮೇಲೆ

(ಬೆಂಗಳೂರಿನಲ್ಲಿ ಡಿಜೆ ಕೆಲಸ ಕಲಿಯಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಅಂಗಡಿಗೆ ಹೋಗಿ "ಡಿಜೆ ಸೆಟ್ ಬೇಕು" ಅಂದರೆ ಮೊದಲು ಮೇಜಿನ ಮೇಲೆ ಬರುವುದು ಕಂಟ್ರೋಲರ್, ಅಂದರೆ ಲ್ಯಾಪ್‌ಟಾಪಿನಲ್ಲಿರುವ ಹಾಡುಗಳನ್ನು ಕೈಯಿಂದ ನಡೆಸುವ ಹಲಗೆ. ದೀಪ ಮಿನುಗುತ್ತವೆ, ಎರಡು ಚಕ್ರ ತಿರುಗುತ್ತವೆ, ನೋಡಲು ಅದೇ ಚೆಂದ. ಆಮೇಲೆ ಅದಕ್ಕೊಂದು ಲ್ಯಾಪ್‌ಟಾಪ್. ದುಡ್ಡು ಮಿಕ್ಕರೆ ಸ್ಪೀಕರ್. ಈ ಕ್ರಮವನ್ನು ತಲೆಕೆಳಗು ಮಾಡಿ ಎಂದು ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ಎಲ್ಲಿ ಹಾಡು ಹಾಕುತ್ತೀರಿ, ಎಷ್ಟು ಜನ ಕುಣಿಯುತ್ತಾರೆ ಅನ್ನುವುದು ಸ್ಪೀಕರ್ ಯಾವುದು ಎಂದು ಹೇಳುತ್ತದೆ. ಸ್ಪೀಕರ್‌ಗೆ ಎಂಥ ಸಿಗ್ನಲ್ ಬೇಕು ಅನ್ನುವುದರಿಂದ ಕಂಟ್ರೋಲರ್ ಯಾವುದು ಎಂದು ತಿಳಿಯುತ್ತದೆ. ಕಂಟ್ರೋಲರ್ ಯಾವ ಸಾಫ್ಟ್‌ವೇರಿಗೆ ಒಗ್ಗುತ್ತದೋ ಅದನ್ನು ನೋಡಿಕೊಂಡು ಲ್ಯಾಪ್‌ಟಾಪ್. ಮೊದಲು ಕಂಟ್ರೋಲರ್ ಕೊಂಡವರು ಉಳಿದ ಎರಡಕ್ಕೂ ಅದರ ಮರ್ಜಿ ಕಾಯಬೇಕಾಗುತ್ತದೆ.

ವಾಟ್ ನೋಡಿ ಮೋಸ ಹೋಗುವುದು

ಸ್ಪೀಕರ್ ವಿಚಾರ ಬಂದ ಕೂಡಲೇ ಎಲ್ಲರ ಬಾಯಲ್ಲೂ ವಾಟ್. ಬಾಕ್ಸಿನ, ಅಂದರೆ ಸ್ಪೀಕರ್ ಪೆಟ್ಟಿಗೆಯ, ಮೇಲೆ ಪಿಎಂಪಿಒ ಎಂದು ಬರೆದ ಅಂಕಿ ಇದ್ದರೆ ಅದನ್ನು ಓದಲೇಬೇಡಿ, ಅದಕ್ಕೆ ಯಾವ ಅಳತೆಗೋಲೂ ಇಲ್ಲ. ಆರ್‌ಎಂಎಸ್ ಅಥವಾ ಕಂಟಿನ್ಯುಯಸ್ ವಾಟ್, ಅಂದರೆ ಬಾಕ್ಸ್ ಬಿಡದೆ ತಾಳಬಲ್ಲ ವಾಟ್, ಎಷ್ಟು ಎಂದು ಕೇಳಿ. ಅದೂ ಅರ್ಧ ಕಥೆ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ (ಸದ್ದಿನ ಅಳತೆ) ಮಾತ್ರ. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. 500 ವಾಟ್ ಬಾಕ್ಸ್ ಬಿಟ್ಟು 1000 ವಾಟ್ ಬಾಕ್ಸ್ ತಂದವರಿಗೆ "ಅಷ್ಟೇನೂ ವ್ಯತ್ಯಾಸ ಇಲ್ಲವಲ್ಲ" ಅನ್ನಿಸುವುದು ಇದಕ್ಕೇ.

ಇನ್ನೊಂದು ಅಂಕಿ ಸೆನ್ಸಿಟಿವಿಟಿ: 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್. 97 ಡೆಸಿಬೆಲ್ ಇರುವ ಬಾಕ್ಸಿಗೆ 250 ವಾಟ್ ಕೊಟ್ಟರೂ, 91 ಡೆಸಿಬೆಲ್ ಇರುವ ಬಾಕ್ಸಿಗೆ 1000 ವಾಟ್ ಕೊಟ್ಟರೂ ಸದ್ದು ಒಂದೇ. ಆಂಪ್ಲಿಫೈಯರ್ ಒಳಗೇ ಇರುವ ಪವರ್ಡ್ ಸ್ಪೀಕರ್‌ಗಳಲ್ಲಿ ಈ ಎರಡನ್ನೂ ಸೇರಿಸಿ ಮ್ಯಾಕ್ಸ್ ಎಸ್‌ಪಿಎಲ್ (ಬಾಕ್ಸ್ ಕೊಡಬಲ್ಲ ಅತಿ ಜೋರಿನ ಸದ್ದು) ಎಂದು ಒಂದೇ ಅಂಕಿ ಕೊಟ್ಟಿರುತ್ತಾರೆ. ಹೋಲಿಸಬೇಕಾದ್ದು ಅದನ್ನು.

ಲೆಕ್ಕ ಮಾಡೋಣ. ಎಲೆಕ್ಟ್ರೋ-ವಾಯ್ಸ್ ಕಂಪನಿಯ ಝಡ್‌ಎಲ್‌ಎಕ್ಸ್-12ಪಿ ಎಂಬ 12 ಇಂಚಿನ ಬಾಕ್ಸಿಗೆ ಕಂಪನಿ ಕೊಟ್ಟಿರುವ ಅಂಕಿ 126 ಡೆಸಿಬೆಲ್. ಇದು ಪೀಕ್, ಅಂದರೆ ಒಂದು ಕ್ಷಣದ ತುದಿ, ಅದೂ 1 ಮೀಟರ್ ದೂರದಲ್ಲಿ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರ್‌ಗೆ ಒಟ್ಟು 20 ಇಳಿದು 106. ಕುಣಿಯುವ ಸಂಗೀತದಲ್ಲಿ ಸರಾಸರಿ ಸದ್ದು ತುದಿಗಿಂತ 10ರಿಂದ 12 ಡೆಸಿಬೆಲ್ ಕೆಳಗಿರುತ್ತದೆ. ಹಾಗಾಗಿ ಕೊನೆಯ ಸಾಲಿಗೆ ತಲುಪುವುದು 95ರ ಆಸುಪಾಸು. ಎರಡು ಬಾಕ್ಸ್ ಇಟ್ಟರೆ ಇನ್ನೊಂದು 3 ಸೇರುತ್ತದೆ. ನೂರು ಜನರ ಹಾಲಿಗೆ ಇದು ಧಾರಾಳ. ಇಂಥ ಬಾಕ್ಸ್ ಒಂದು ಜೊತೆ, 35 ಮಿಲಿಮೀಟರ್ ಕಂಬಿಯ ಎರಡು ಸ್ಟ್ಯಾಂಡ್ ಇದ್ದರೆ ಹುಟ್ಟುಹಬ್ಬ, ಆಫೀಸ್ ಪಾರ್ಟಿ ನಡೆದುಹೋಗುತ್ತದೆ.

ಕಲ್ಯಾಣ ಮಂಟಪದ ಮಾತು ಬೇರೆ. ಗ್ರಾನೈಟ್ ನೆಲ, ಟೈಲ್ಸ್ ಗೋಡೆ, ಎತ್ತರದ ಸೀಲಿಂಗ್. ಖಾಲಿ ಹಾಲಿನಲ್ಲಿ ಚಪ್ಪಾಳೆ ತಟ್ಟಿ ನೋಡಿ, ಎರಡು ಸೆಕೆಂಡು ಉಳಿದೀತು. ಇಲ್ಲಿ "ಕೇಳಿಸ್ತಿಲ್ಲ" ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು "ಅರ್ಥವಾಗುತ್ತಿಲ್ಲ" ಎಂದು. ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಬಾಕ್ಸನ್ನು ಜನರ ತಲೆಗಿಂತ ಮೇಲೆತ್ತಿ, ಮುಖ ತುಸು ಕೆಳಗೆ ಬಾಗಿಸಿ. ಸದ್ದು ಹಿಂದಿನ ಗೋಡೆಗೆ ಬಡಿಯುವ ಮುಂಚೆ ಜನರ ಮೈಮೇಲೆ ಬೀಳಲಿ. ಹಾಲು ಉದ್ದವಿದ್ದರೆ ಮುಂದೆ ದೊಡ್ಡ ಬಾಕ್ಸ್ ಇಡುವ ಬದಲು ನಡುವೆ ಎರಡು ಚಿಕ್ಕವನ್ನು ಇಡಿ. ಅವಕ್ಕೆ ಡಿಲೇ ಕೊಡಬೇಕು, ಅಂದರೆ ಅವುಗಳ ಸದ್ದು ತುಸು ತಡವಾಗಿ ಹೊರಡಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 10 ಮೀಟರ್ ಹಿಂದೆ ಇಟ್ಟ ಬಾಕ್ಸಿಗೆ 29 ಮಿಲಿಸೆಕೆಂಡ್. ಇದನ್ನು ಬಿಟ್ಟರೆ ಪ್ರತಿ ತಾಳವೂ ಎರಡೆರಡು ಸಲ ಕೇಳುತ್ತದೆ.

"ಮಂಟಪದವರ ಮೈಕ್ ಸೆಟ್ಟಿಗೇ ಹಾಕಿಬಿಡೋಣ" ಅನ್ನುವವರೂ ಇದ್ದಾರೆ. ಗೋಡೆಗೆ ಉದ್ದುದ್ದ ಕಾಲಂ ಬಾಕ್ಸ್ ಹೊಡೆದಿದ್ದರೆ ಅದು ಬಹುಪಾಲು 100 ವೋಲ್ಟ್ ಲೈನಿನ ವ್ಯವಸ್ಥೆ. ಪುರೋಹಿತರ ಮಂತ್ರಕ್ಕೆ, "ಊಟಕ್ಕೆ ಬನ್ನಿ" ಎನ್ನುವುದಕ್ಕೆ ಅದು ಚೆನ್ನಾಗಿದೆ. ಅದರ ಟ್ರಾನ್ಸ್‌ಫಾರ್ಮರ್‌ಗಳು ತಗ್ಗಿನ ಸ್ವರವನ್ನು ದಾಟಿಸುವುದಿಲ್ಲ. ಬೇಸ್ ಏರಿಸಿದರೆ ಕರ್ಕಶ ಸದ್ದು ಬರುತ್ತದೆ, ಆಮೇಲೆ ಆಂಪ್ಲಿಫೈಯರ್ ಬಿಸಿಯಾಗುತ್ತದೆ.

ಸಬ್‌ವೂಫರ್, ಅಂದರೆ ತಗ್ಗಿನ ಸ್ವರಕ್ಕೆಂದೇ ಇರುವ ಬಾಕ್ಸ್, ಬೇಕೇ? 12 ಇಂಚಿನ ಬಾಕ್ಸ್ 60 ಹರ್ಟ್ಸ್ ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತದೆ. ಎದೆಗೆ ಗುದ್ದುವ ಸದ್ದು ಅದರ ಕೆಳಗಿದೆ. ಸಬ್ ತಂದರೆ ಕ್ರಾಸ್‌ಓವರ್ (ಸಬ್‌ಗೂ ಮೇಲಿನ ಬಾಕ್ಸಿಗೂ ಸ್ವರ ಹಂಚುವ ಗಡಿ) 80ರಿಂದ 120 ಹರ್ಟ್ಸ್ ನಡುವೆ ಇಟ್ಟು, ಮೇಲಿನ ಬಾಕ್ಸ್‌ಗಳಿಂದ ತಗ್ಗಿನ ಸ್ವರ ಕತ್ತರಿಸಿ; ಆಗ ಅವುಗಳ ಉಸಿರೂ ಸಲೀಸಾಗುತ್ತದೆ. ಇಡುವ ಜಾಗದಲ್ಲಿ ಮುಕ್ಕಾಲು ಪಾಲು ಜನ ಎಡವುತ್ತಾರೆ. ವೇದಿಕೆಯ ಎರಡು ತುದಿಗೆ ಒಂದೊಂದು ಸಬ್ ಇಟ್ಟರೆ ಸರಿಯಾಗಿ ಮಧ್ಯದ ಗೆರೆಯಲ್ಲಿ ಬೇಸ್ ಭರ್ಜರಿ, ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಮಾಯ. ಎರಡರ ಅಲೆಗಳು ಒಂದು ಕಡೆ ಕೂಡಿ, ಇನ್ನೊಂದು ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಎರಡನ್ನೂ ಒಟ್ಟಿಗೆ, ಅಂಟಿಸಿದಂತೆ ಇಡಿ. ಗೋಡೆಯಿಂದ ಒಂದೂಮುಕ್ಕಾಲು ಮೀಟರ್ ಮುಂದೆ ಮಾತ್ರ ಇಡಬೇಡಿ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್, ಅದರ ಕಾಲು ಭಾಗ 1.7. ಅಷ್ಟು ದೂರದ ಗೋಡೆಗೆ ಹೋಗಿ ಮರಳಿದ ಅಲೆ ಉಲ್ಟಾ ಬಂದು ಮುಂದಿನದನ್ನು ನುಂಗುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಲಾಭವೇ.

ಲಿಂಕ್ ವೈರಿನ ತಪ್ಪು ಇನ್ನೂ ಸಾಮಾನ್ಯ. ಕಂಟ್ರೋಲರಿನ ಎಡ ಔಟ್‌ಪುಟ್ ಮೊದಲ ಬಾಕ್ಸಿಗೆ, ಅಲ್ಲಿಂದ ಲಿಂಕ್ ಎರಡನೆಯದಕ್ಕೆ. ಎರಡರಲ್ಲೂ ಸದ್ದು ಬಂತು, ಸರಿಯಾಯಿತು ಎಂದುಕೊಳ್ಳುತ್ತಾರೆ. ಬಲ ಚಾನೆಲ್ ಎಲ್ಲೂ ಇಲ್ಲ. ಕೆಲವು ಹಳೆಯ ಸ್ಟೀರಿಯೋ ಹಾಡುಗಳಲ್ಲಿ ಆ ಕಡೆಗೆ ಹಾಕಿದ ವಾದ್ಯಗಳೇ ಮಾಯವಾಗುತ್ತವೆ. ಸಾಫ್ಟ್‌ವೇರ್ ಅಥವಾ ಕಂಟ್ರೋಲರಿನಲ್ಲಿ ಮೋನೊ (ಎಡ-ಬಲ ಸೇರಿಸಿ ಒಂದೇ ಮಾಡುವ) ಆಯ್ಕೆ ಇದ್ದರೆ ಹಾಕಿ ಲಿಂಕ್ ಮಾಡಿ, ಇಲ್ಲವೇ ಎರಡು ವೈರ್ ಎಳೆಯಿರಿ. ಎಡ-ಬಲ ಎರಡನ್ನೂ ವೈ ಕೇಬಲ್‌ನಲ್ಲಿ ಒಟ್ಟಿಗೆ ಹೆಣೆದು ಮೋನೊ ಮಾಡುವ ಜಾಣತನ ಬೇಡ, ಎರಡು ಔಟ್‌ಪುಟ್‌ಗಳು ಒಂದರ ಮೇಲೊಂದು ತಳ್ಳಾಡುತ್ತವೆ.

30×40 ಸೈಟಿನ ಟೆರೇಸ್

ನಮ್ಮೂರಿನಲ್ಲಿ ಟೆರೇಸ್ ಪಾರ್ಟಿ ಬಹಳ. ಕಾನೂನಿನ ಅಂಕಿ ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಖಾಸಗಿ ಜಾಗದ ಗಡಿಯಲ್ಲಿ ಅದಕ್ಕಿಂತ 5 ಹೆಚ್ಚು ಬರಬಹುದು, ಅಂದರೆ ಹಗಲು 60. ಈಗ ಟೆರೇಸಿನಲ್ಲಿ 1 ಮೀಟರ್‌ಗೆ 96 ಡೆಸಿಬೆಲ್ ಬರುವಂತೆ ಇಟ್ಟಿದ್ದೀರಿ ಅನ್ನಿ. ಕುಣಿಯಲು ಇದೇನೂ ಜೋರಲ್ಲ. 30×40 ಅಡಿ ಅಂದರೆ 9×12 ಮೀಟರ್; ಪಕ್ಕದ ಕಾಂಪೌಂಡ್ 6 ಮೀಟರ್ ದೂರ. ಅಲ್ಲಿ ಸುಮಾರು 80. ರಾತ್ರಿ 9 ಗಂಟೆಗೇ ಮಿತಿಗಿಂತ 20 ಮೇಲಿದ್ದೀರಿ. ಜೊತೆಗೆ ಈ ಅಂಕಿಗಳು ಎ-ತೂಕದ ಅಳತೆಯವು: ಶಬ್ದ ಅಳೆಯುವ ಮೀಟರ್ 50 ಹರ್ಟ್ಸ್‌ನ ಬೇಸನ್ನು 30 ಡೆಸಿಬೆಲ್ ಕಡಿಮೆ ಮಾಡಿ ಓದುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ಅಜ್ಜಿಯ ಮಂಚ ನಡುಗುತ್ತಿರುತ್ತದೆ. ಟೆರೇಸಿಗೆಂದು ದೊಡ್ಡ ಬಾಕ್ಸ್ ಕೊಳ್ಳುವುದು ದುಡ್ಡು ದಂಡ. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಗಣೇಶನ ಕಾರ್ಯಕ್ರಮ, ರಾಜ್ಯೋತ್ಸವಕ್ಕೆ ಕರೆದವರು "ಪರ್ಮಿಶನ್ ಆಗಿದೆ" ಎಂದರೆ ಪತ್ರ ನೋಡಿಯೇ ಬಾಕ್ಸ್ ಇಳಿಸಿ.

ಮನೆಯಲ್ಲಿ ಕಲಿಯಲು ಪಿಎ ಬಾಕ್ಸ್, ಅಂದರೆ ಕಾರ್ಯಕ್ರಮದ ದೊಡ್ಡ ಬಾಕ್ಸ್, ಬೇಡವೇ ಬೇಡ. ಯಮಹಾ ಎಚ್‌ಎಸ್5 ತರಹದ 5 ಇಂಚಿನ ಸ್ಟುಡಿಯೊ ಮಾನಿಟರ್ ಒಂದು ಜೊತೆ ಸಾಕು. ಅದನ್ನೇ ಪಾರ್ಟಿಗೆ ಒಯ್ದರೆ ಮಾತ್ರ ಮೊದಲ ಗಂಟೆಯಲ್ಲೇ ಟ್ವೀಟರ್ (ಎತ್ತರದ ಸ್ವರ ನುಡಿಸುವ ಪುಟ್ಟ ಸ್ಪೀಕರ್) ಸುಟ್ಟೀತು. ಬಾಡಿಗೆ ಮನೆಯವರಿಗೆ ಹೆಡ್‌ಫೋನೇ ಗತಿ, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು ತೆಗೆದುಕೊಳ್ಳಿ. ಕಾರ್ಯಕ್ರಮದ ಬಾಕ್ಸ್‌ಗಳನ್ನು ಮೊದಲ ವರ್ಷ ಬಾಡಿಗೆಗೆ ತನ್ನಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಿಮಗೆ ಬರುವ ಕೆಲಸ ಐವತ್ತು ಜನರದ್ದೋ ಐನೂರು ಜನರದ್ದೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಸಾಗಿಸುವ ಟೆಂಪೊ, ಇಡುವ ಜಾಗ, ಕೆಟ್ಟರೆ ರಿಪೇರಿ ಎಲ್ಲವೂ ಬಾಡಿಗೆಯವರ ತಲೆನೋವು.

ಕಂಟ್ರೋಲರ್: ಮುಂದೆ ಅಲ್ಲ, ಹಿಂದೆ ನೋಡಿ

ಕಂಟ್ರೋಲರನ್ನು ತಿರುಗಿಸಿ ಬೆನ್ನು ನೋಡಿ. ಪಯೊನೀರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಕಲಿಯುವವರಲ್ಲಿ ಹೆಚ್ಚಾಗಿ ಕಾಣುವ ಮಾಡೆಲ್, 2022ರಲ್ಲಿ ಬಂತು. ಒಳ್ಳೆಯದೇ. ಆದರೆ ಅದರ ಮಾಸ್ಟರ್ ಔಟ್, ಅಂದರೆ ಬಾಕ್ಸಿಗೆ ಸದ್ದು ಹೊರಡುವ ಕಿಂಡಿ, ಆರ್‌ಸಿಎ (ಟಿವಿಯ ಕೆಂಪು-ಬಿಳಿ ವೈರಿನ ಬಗೆ) ಮಾತ್ರ. ಆರ್‌ಸಿಎ ಬ್ಯಾಲೆನ್ಸ್ಡ್ ಅಲ್ಲ. ಮೂರ್ನಾಲ್ಕು ಮೀಟರ್ ದಾಟಿದರೆ ದಾರಿಯಲ್ಲಿ ಸಿಕ್ಕ ಹಮ್ಮಿಂಗನ್ನೆಲ್ಲ (ಗುಂಯ್ ಎನ್ನುವ ಸದ್ದು) ಎತ್ತಿಕೊಂಡು ಬರುತ್ತದೆ. ಬ್ಯಾಲೆನ್ಸ್ಡ್ ಆದ ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಪಿನ್ನಿನ) ವೈರಿನಲ್ಲಿ ಒಂದೇ ಸಿಗ್ನಲ್ ಸೀದಾ ಒಮ್ಮೆ, ಉಲ್ಟಾ ಒಮ್ಮೆ ಹೋಗುತ್ತದೆ. ಆ ತುದಿಯಲ್ಲಿ ಒಂದರಿಂದ ಒಂದನ್ನು ಕಳೆದಾಗ ದಾರಿಯ ಗಲಾಟೆ ಹಾರಿಹೋಗುತ್ತದೆ. ಮಟ್ಟವೂ ಬೇರೆ. ಮನೆಬಳಕೆಯ ಆರ್‌ಸಿಎ ಮಟ್ಟಕ್ಕೂ ವೃತ್ತಿಬಳಕೆಯ ಮಟ್ಟಕ್ಕೂ ಸುಮಾರು 12 ಡೆಸಿಬೆಲ್ ಅಂತರ. "ನನ್ನ ಕಂಟ್ರೋಲರಿನಲ್ಲಿ ಸದ್ದೇ ಬರಲ್ಲ" ಎಂದು ಮಾಸ್ಟರನ್ನು ಕೆಂಪಿಗೆ ತಳ್ಳುವವರ ಸಮಸ್ಯೆ ಇದೇ. ಕೆಂಪು ಹತ್ತಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಆ ಚಪ್ಪಟೆ ಅಲೆಯೇ ಟ್ವೀಟರ್ ಸುಡುವುದು. ಕಂಟ್ರೋಲರನ್ನು ಹಸಿರಿನಲ್ಲೇ ಇಟ್ಟು ಬಾಕ್ಸಿನ ಗೇನ್ ಏರಿಸಿ, ಬಾಕ್ಸಿನ ಸ್ವಿಚ್ ಮೈಕ್ ಬದಲು ಲೈನ್‌ನಲ್ಲಿದೆಯೇ ನೋಡಿ.

ಸೌಂಡ್ ಕಾರ್ಡ್ ಒಳಗಿದೆಯೇ ಅನ್ನುವುದು ಮುಂದಿನ ಪ್ರಶ್ನೆ. ಜನರಿಗೆ ಒಂದು ಸ್ಟೀರಿಯೊ, ನಿಮ್ಮ ಹೆಡ್‌ಫೋನಿಗೆ ಇನ್ನೊಂದು, ಒಟ್ಟು ನಾಲ್ಕು ಚಾನೆಲ್ ಬೇಕು. ಅಗ್ಗದ ಕೆಲವು ಬರೀ ಬಟನ್ ಹಲಗೆಗಳು. ಮುಂದಿನ ಹಾಡನ್ನು ಮೊದಲೇ ಕಿವಿಯಲ್ಲಿ ಕೇಳಲು ಆಗುವುದಿಲ್ಲ.

ಟೆಂಪೊ ಫೇಡರ್, ಅಂದರೆ ಹಾಡಿನ ವೇಗ ಏರಿಸಿ ಇಳಿಸುವ ಜಾರುಗುಂಡಿ, ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಾಹೀರಾತಿನಲ್ಲಿ ಇದರ ಮಾತೇ ಇರುವುದಿಲ್ಲ. ಸಣ್ಣ ಕಂಟ್ರೋಲರ್‌ಗಳಲ್ಲಿ ಅದು ಸಾಮಾನ್ಯವಾಗಿ 60 ಮಿಲಿಮೀಟರ್ ಉದ್ದ, ದೊಡ್ಡವುಗಳಲ್ಲಿ 100. ಉದ್ದಕ್ಕಿಂತ ಮುಖ್ಯ, ಅದು ಲ್ಯಾಪ್‌ಟಾಪಿಗೆ ಎಷ್ಟು ಮೆಟ್ಟಿಲುಗಳಲ್ಲಿ ಸುದ್ದಿ ಕಳಿಸುತ್ತದೆ ಅನ್ನುವುದು. ಕಂಟ್ರೋಲರ್ ಕಳಿಸುವ ಸಾದಾ ಮಿಡಿ ಸಂದೇಶ 7 ಬಿಟ್, ಅಂದರೆ 128 ಮೆಟ್ಟಿಲು. ವೇಗದ ವ್ಯಾಪ್ತಿ ಮೇಲೆ ಕೆಳಗೆ 8 ಶೇಕಡಾ ಇದ್ದರೆ ಒಟ್ಟು 16 ಶೇಕಡಾವನ್ನು 128 ಪಾಲು ಮಾಡಿ: ಒಂದು ಮೆಟ್ಟಿಲಿಗೆ 0.125 ಶೇಕಡಾ. ನಿಮಗೆ ಬೇಕಾದ ವೇಗ ಎರಡು ಮೆಟ್ಟಿಲ ನಡುವೆ ಸಿಕ್ಕಿಕೊಂಡರೆ ತಪ್ಪು 0.06 ಶೇಕಡಾ. ಸಣ್ಣದು ಅನ್ನಿಸುತ್ತದೆ. ಆದರೆ ಒಂದು ನಿಮಿಷದಲ್ಲಿ ಅದು 37 ಮಿಲಿಸೆಕೆಂಡ್ ಆಗುತ್ತದೆ, ಎರಡು ಹಾಡಿನ ಡ್ರಮ್ ಬೇರೆ ಬೇರೆ ಕೇಳಲು ಅಷ್ಟು ಸಾಕು. ಎಷ್ಟು ಎಚ್ಚರಿಕೆಯಿಂದ ಫೇಡರ್ ಸರಿಸಿದರೂ ಹಾಡುಗಳು ಜಾರುತ್ತಲೇ ಇರುತ್ತವೆ, ತಪ್ಪು ಕೈಯದಲ್ಲ. 14 ಬಿಟ್ ಕಳಿಸುವ ಕಂಟ್ರೋಲರಿನಲ್ಲಿ 16,384 ಮೆಟ್ಟಿಲು, ಆಗ ಈ ಗೋಳಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಫೇಡರನ್ನು ಕೂದಲೆಳೆಯಷ್ಟು ಸರಿಸಿ, ಪರದೆಯ ಮೇಲೆ ಹಾಡಿನ ವೇಗ (ನಿಮಿಷಕ್ಕೆ ಎಷ್ಟು ಪೆಟ್ಟು) 120.00 ಇದ್ದದ್ದು 120.02, 120.03 ಎಂದು ತೆವಳಬೇಕು. 120.15ಕ್ಕೆ ಹಾರಿದರೆ ಬೇಡ.

ಒಂದೇ ಸಲ ಎರಡು ಹಾಡು ಬೆಸೆಯುವ ಎರಡು ಚಾನೆಲ್ಲಿನ ಕಂಟ್ರೋಲರೋ, ನಾಲ್ಕು ಹಾಡಿನದೋ? ಕಲಿಯುವವರಿಗೆ ಎರಡು. ನಾಲ್ಕರ ದುಡ್ಡು ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರುವುದರ ಮೇಲೆ ಹಾಕಿ.

ಮದುವೆ ಆರತಕ್ಷತೆಯ ಕೆಲಸ ಮಾಡುವವರು ಮೈಕಿನ ಕಡೆ ನೋಡಬೇಕು. ಸಣ್ಣ ಕಂಟ್ರೋಲರಿನಲ್ಲಿ ಮೈಕಿಗೆ ಒಂದೇ ಗುಬುಟು; ಬೇಸ್, ಟ್ರೆಬಲ್ ಇಲ್ಲ. ನಿರೂಪಕರು ಮೈಕ್ ಹಿಡಿದು ಬಾಕ್ಸಿನ ಮುಂದೆ ಬಂದರೆ ಕೀರಲು ಸದ್ದು, ನಿಲ್ಲಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ನಾಲ್ಕು ಚಾನೆಲ್ಲಿನ ಚಿಕ್ಕ ಮಿಕ್ಸರ್ ಒಂದನ್ನು ನಡುವೆ ಇಡಿ: ಕಂಟ್ರೋಲರ್ ಅದರ ಸ್ಟೀರಿಯೊ ಲೈನಿಗೆ, ಮೈಕ್ ಅದರ ಮೈಕ್ ಇನ್‌ಪುಟ್ಟಿಗೆ, ಅಲ್ಲಿಂದ ಎಕ್ಸ್‌ಎಲ್‌ಆರ್‌ನಲ್ಲಿ ಬಾಕ್ಸಿಗೆ. ಆರ್‌ಸಿಎ ತೊಂದರೆಯೂ ಇದರಲ್ಲೇ ತೀರುತ್ತದೆ.

ಸೆರಾಟೋ, ರೆಕಾರ್ಡ್‌ಬಾಕ್ಸ್, ಟ್ರ್ಯಾಕ್ಟರ್, ವರ್ಚುವಲ್ ಡಿಜೆ ಎಂಬ ಡಿಜೆ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಕೊಳ್ಳುವ ಕಂಟ್ರೋಲರ್ ಯಾವುದನ್ನು ಪುಕ್ಕಟೆ ತೆರೆಯುತ್ತದೆ, ಯಾವುದಕ್ಕೆ ಬೇರೆ ದುಡ್ಡು ಕಟ್ಟಬೇಕು ಎಂದು ಸಾಫ್ಟ್‌ವೇರ್ ಕಂಪನಿಯ ಪಟ್ಟಿಯಲ್ಲೇ ನೋಡಿ. ಒಂದು ಪೈಸೆಯೂ ಇಲ್ಲ ಅನ್ನುವವರಿಗೆ ಮಿಕ್ಸ್ (Mixxx) ಎಂಬ ಮುಕ್ತ ತಂತ್ರಾಂಶ ಇದೆ, ಲಿನಕ್ಸ್‌ನಲ್ಲೂ ಓಡುತ್ತದೆ.

ಲ್ಯಾಪ್‌ಟಾಪಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ಗುಣ

ಸದ್ದು ಲ್ಯಾಪ್‌ಟಾಪಿನಿಂದ ಕಂತು ಕಂತಾಗಿ ಹೊರಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಚೂರು. ಬಫರ್, ಅಂದರೆ ಒಂದು ಕಂತಿನಲ್ಲಿ ಎಷ್ಟು ಸ್ಯಾಂಪಲ್ ಎಂಬುದನ್ನು, 256 ಎಂದು ಇಟ್ಟರೆ ಪ್ರತಿ 5.8 ಮಿಲಿಸೆಕೆಂಡಿಗೆ ಒಂದು ಕಂತು. ಮೆಜೆಸ್ಟಿಕ್‌ನಿಂದ ಅಷ್ಟಷ್ಟು ಹೊತ್ತಿಗೆ ಬಸ್ಸು ಬಿಡುತ್ತಿದ್ದಾರೆ ಅಂದುಕೊಳ್ಳಿ. ಹತ್ತುವವರು ಬಂದರೋ ಇಲ್ಲವೋ, ಬಸ್ಸು ನಿಲ್ಲದು. ಖಾಲಿ ಹೋದ ಬಸ್ಸೇ ಬಾಕ್ಸಿನಲ್ಲಿ ಕೇಳುವ "ಟಪ್". ಪ್ರೊಸೆಸರ್ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದಕ್ಕಿಂತ ಒಂದು ಸಲವೂ ತಡಮಾಡುವುದಿಲ್ಲವೇ ಅನ್ನುವುದು ಇಲ್ಲಿ ಬೇಕಾದ್ದು. ಭಾರಿ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್ ಟಪ್ ಟಪ್ ಅನ್ನುತ್ತಿದ್ದರೆ, ಅದರ ಗ್ರಾಫಿಕ್ಸ್ ಅಥವಾ ವೈಫೈ ಡ್ರೈವರ್ (ಆ ಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಂ) ನಡುನಡುವೆ ಪ್ರೊಸೆಸರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಿದೆ ಎಂದು ಅರ್ಥ.

ಬಫರ್ 128ಕ್ಕೆ 2.9 ಮಿಲಿಸೆಕೆಂಡ್, 512ಕ್ಕೆ 11.6, 1024ಕ್ಕೆ 23.2. ಸ್ಕ್ರಾಚ್ ಮಾಡುವವರಿಗೆ (ಚಕ್ರ ಹಿಂದೆ ಮುಂದೆ ಉಜ್ಜಿ ಸದ್ದು ತೆಗೆಯುವವರಿಗೆ) 256 ಅಥವಾ ಅದಕ್ಕಿಂತ ಕಡಿಮೆ ಬೇಕು. ಬರೀ ಹಾಡು ಬೆಸೆಯುವವರಿಗೆ 512 ಸಾಕು. ಯಾರಿಗೂ ತಿಳಿಯದ 3 ಮಿಲಿಸೆಕೆಂಡ್ ಉಳಿಸಲು ಹೋಗಿ ಹಾಲಿನ ತುಂಬ ಟಪ್ ಅನ್ನಿಸಿಕೊಳ್ಳಬೇಡಿ.

ಕೊಳ್ಳುವಾಗ: ಇಂಟೆಲ್ ಐ5 ಅಥವಾ ರೈಝನ್ 5, ಎಸ್‌ಎಸ್‌ಡಿ, 1920×1080 ಪರದೆ, ಎರಡಾದರೂ ಯುಎಸ್‌ಬಿ. ಸೆಲೆರಾನ್, ಪೆಂಟಿಯಂ ಬೇಡ. ರ್ಯಾಮ್ 8 ಜಿಬಿ ಇದ್ದರೆ ಹಾಡು ಹಾಕಬಹುದು. ಸ್ಟೆಮ್ಸ್, ಅಂದರೆ ಹಾಡಿನಿಂದ ಗಾಯಕರ ದನಿಯನ್ನು ಅಲ್ಲೇ ಬೇರ್ಪಡಿಸುವ ಕೆಲಸ, ಬೇಕಿದ್ದರೆ 16. ಕಾರ್ಯಕ್ರಮಕ್ಕೆ ಮುಂಚೆ ಮನೆಯಲ್ಲೇ ಸ್ಟೆಮ್ಸ್ ತಯಾರಿಸಿ ಇಟ್ಟುಕೊಂಡರೆ ಲ್ಯಾಪ್‌ಟಾಪಿನ ಹೊರೆ ಬಹಳ ಇಳಿಯುತ್ತದೆ. ಜಾಗದ ಲೆಕ್ಕ: 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂಬಿ. ಐದು ನಿಮಿಷದ 5000 ಹಾಡಿಗೆ 60 ಜಿಬಿ. ಅದೇ ವೇವ್ ಫೈಲಾದರೆ 250 ಜಿಬಿ ಮೀರುತ್ತದೆ. ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಹುಷಾರು. ಅವು ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಅನುಕರಿಸಿ ಓಡಿಸುತ್ತವೆ, ಡ್ರೈವರನ್ನು ಹಾಗೆ ಓಡಿಸಲಾರವು. ನಿಮ್ಮ ಕಂಟ್ರೋಲರಿಗೆ ಆ ಚಿಪ್ಪಿನದೇ ಡ್ರೈವರ್ ಇದೆ ಎಂದು ಖಾತ್ರಿಯಾದರೆ ಮಾತ್ರ ಕೊಳ್ಳಿ. ಮ್ಯಾಕ್‌ಬುಕ್ ಏರ್ 2020ರ ಎಂ1 ಮಾಡೆಲ್ ಕೂಡ ಈ ಕೆಲಸಕ್ಕೆ ಸಾಕು. ಅದರಲ್ಲಿ ಫ್ಯಾನೇ ಇಲ್ಲ, ಬಿಸಿಲಲ್ಲಿ ಇಟ್ಟರೆ ನಿಧಾನವಾಗುತ್ತದೆ ಅನ್ನುವುದೊಂದೇ ಕೊರತೆ.

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ: ಐಟಿ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಲ್ಯಾಪ್‌ಟಾಪ್‌ಗಳು ಎಸ್‌ಪಿ ರಸ್ತೆಯ ಅಂಗಡಿಗಳಿಗೆ ಬರುತ್ತವೆ. ಗಟ್ಟಿಮುಟ್ಟು, ಯುಎಸ್‌ಬಿ ಸಾಕಷ್ಟು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ಆದ್ದರಿಂದ 7ನೇ ತಲೆಮಾರಿನದು ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಬಯೋಸ್ (ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್) ಪಾಸ್‌ವರ್ಡ್ ಉಳಿದಿಲ್ಲ ಎಂದು ಅಂಗಡಿಯಲ್ಲೇ ತೆರೆದು ನೋಡಿ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹುಟ್ಟಿನ ಸಾಮರ್ಥ್ಯಕ್ಕೂ ಈಗಿನದಕ್ಕೂ ಹೋಲಿಸಿ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಡಿಸಿ.

ತಂದ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಇದನ್ನು ಮರೆತರೆ ಹಾಡಿನ ನಡುವೆ ಕಂಟ್ರೋಲರ್ "ಮಲಗಿ" ಸಂಪರ್ಕ ಕಡಿಯುತ್ತದೆ. ಕಂಟ್ರೋಲರ್ ಕಂಪನಿಯ ಎಎಸ್‌ಐಒ (ಸದ್ದಿನ ತಡ ತಗ್ಗಿಸುವ) ಡ್ರೈವರ್ ಇದ್ದರೆ ಅದನ್ನೇ ಹಾಕಿ. ಆಮೇಲೆ ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಂ ಹದಿನೈದು ನಿಮಿಷ ಓಡಿಸಿ, ವೈಫೈ ಇಟ್ಟು ಒಮ್ಮೆ, ಆಫ್ ಮಾಡಿ ಒಮ್ಮೆ. ಯಾವ ಡ್ರೈವರ್ ತಡಮಾಡಿತು ಎಂದು ಅದು ಹೆಸರು ಹಿಡಿದು ಹೇಳುತ್ತದೆ. ವೈಫೈಯದು ಬಂದರೆ ಕಾರ್ಯಕ್ರಮದಲ್ಲಿ ಏರ್‌ಪ್ಲೇನ್ ಮೋಡ್. ಕಾರ್ಯಕ್ರಮದ ವಾರದಲ್ಲಿ ಅಪ್‌ಡೇಟ್ ತಡೆಹಿಡಿಯಿರಿ, ಮ್ಯಾಕ್‌ನವರು ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಡಿ. ಕಂಟ್ರೋಲರನ್ನು ಅಗ್ಗದ ಯುಎಸ್‌ಬಿ ಹಬ್ಬಿಗೆ ಚುಚ್ಚಬೇಡಿ, ಯುಎಸ್‌ಬಿ 2.0 ಕಿಂಡಿ ಕೊಡುವುದೇ 500 ಮಿಲಿಆಂಪ್, ಅದರಲ್ಲಿ ಮೌಸು, ಹಾರ್ಡ್‌ಡಿಸ್ಕ್ ಪಾಲು ಕೇಳಿದರೆ ಕಂಟ್ರೋಲರ್ ಸೊರಗುತ್ತದೆ.

ಕರೆಂಟು

ಶಾಮಿಯಾನದ ಕೆಳಗೆ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ "ಜುಂ" ಅನ್ನುತ್ತದಲ್ಲ, ಅದು ಅರ್ಥ್ ಇಲ್ಲದ ಲಕ್ಷಣ. ಎರಡೆಳೆಯ ವೈರಿನ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಮೂರು ತೂತಿದ್ದರೂ ಮೂರನೆಯದಕ್ಕೆ ವೈರೇ ಇರುವುದಿಲ್ಲ. ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಅಲ್ಪ ಕರೆಂಟು ಮೈಗೆ ಸೋರುತ್ತದೆ, ಅದೇ ಆಡಿಯೊ ವೈರಿನಲ್ಲಿ ಹಮ್ಮಿಂಗ್ ಆಗುತ್ತದೆ. ಸ್ವಂತ ಮೂರೆಳೆಯ ಎಕ್ಸ್‌ಟೆನ್ಶನ್ ಒಯ್ಯಿರಿ. ಹಮ್ಮಿಂಗ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ಒಂದು ವೈರ್ ಸಡಿಲವಾದರೆ ಪ್ರಾಣಕ್ಕೇ ಬರುತ್ತದೆ.

ಹಮ್ಮಿಂಗ್ ಎಲ್ಲಿಂದ ಎಂದು ಹುಡುಕುವ ದಾರಿ ಹೀಗೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುನೋಡಿ. ನಿಂತರೆ ತಪ್ಪು ಆ ದಾರಿಯಲ್ಲಿದೆ. ನಿಲ್ಲದಿದ್ದರೆ ಬಾಕ್ಸಿನಿಂದ ಸಿಗ್ನಲ್ ವೈರ್ ಕೀಳಿ. ಆಗಲೂ ಇದ್ದರೆ ಬಾಕ್ಸಿನ ಕರೆಂಟು ಲೈನಿನಲ್ಲಿದೆ. ಲ್ಯಾಪ್‌ಟಾಪ್, ಮಿಕ್ಸರ್, ಬಾಕ್ಸ್ ಎಲ್ಲಕ್ಕೂ ಒಂದೇ ಕಡೆಯಿಂದ ಲೈನ್ ತೆಗೆದುಕೊಳ್ಳಿ, ಲೈಟಿನವರ ಡಿಮ್ಮರ್ ಇರುವ ಲೈನನ್ನಂತೂ ಮುಟ್ಟಬೇಡಿ. ಆಮೇಲೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ನಡುವೆ ಹಾಕಿ. ತೀರಾ ಅಗ್ಗದ ಐಸೊಲೇಟರ್ ಹಮ್ಮಿಂಗ್ ಜೊತೆ ಬೇಸನ್ನೂ ತಿನ್ನುತ್ತದೆ.

ಕರೆಂಟು ಹೋಗಿ ಜನರೇಟರ್ ಹತ್ತುವ ಮಧ್ಯೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕಿರುತ್ತದೆ, ಯುಎಸ್‌ಬಿಯಿಂದ ಕರೆಂಟು ಪಡೆಯುವ ಕಂಟ್ರೋಲರೂ ಬದುಕಿರುತ್ತದೆ. ಬೇರೆ ಅಡಾಪ್ಟರ್ ಬೇಡುವ ದೊಡ್ಡ ಕಂಟ್ರೋಲರ್ ಸತ್ತು ಹುಟ್ಟುತ್ತದೆ, ಸಾಫ್ಟ್‌ವೇರ್ ಅದನ್ನು ಮತ್ತೆ ಗುರುತಿಸಬೇಕು. ಅಂಥದ್ದಕ್ಕೆ ಚಿಕ್ಕದೊಂದು ಯುಪಿಎಸ್ ಇಡಿ. ಕರೆಂಟು ಹೋದ ತಕ್ಷಣ ಮಾಸ್ಟರ್ ಪೂರ್ತಿ ಇಳಿಸಿ. ಶುರುವಿನಲ್ಲಿ ಬಾಕ್ಸ್ ಎಲ್ಲಕ್ಕಿಂತ ಕೊನೆಗೆ ಆನ್, ಮುಗಿದಾಗ ಎಲ್ಲಕ್ಕಿಂತ ಮೊದಲು ಆಫ್.

ಸಭಿಕರ ಪ್ರಶ್ನೆಗಳು

ಬ್ಲೂಟೂತ್ ಸ್ಪೀಕರಿನಲ್ಲಿ ಅಭ್ಯಾಸ ಮಾಡಬಹುದೇ ಸರ್?

ಆಗುವುದಿಲ್ಲ. ಸಾಮಾನ್ಯ ಬ್ಲೂಟೂತ್ ಸದ್ದನ್ನು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಕೊಡುತ್ತದೆ. ಹೆಡ್‌ಫೋನಿನಲ್ಲಿ ಒಂದು ಹೊತ್ತು, ಸ್ಪೀಕರಿನಲ್ಲಿ ಇನ್ನೊಂದು ಹೊತ್ತು. ನಿಮ್ಮ ಕೈ ಯಾರ ಮಾತು ಕೇಳಬೇಕು? ಅದೇ ಸ್ಪೀಕರಿಗೆ ಆಕ್ಸ್ ಕಿಂಡಿ ಇದ್ದರೆ ವೈರ್ ಹಾಕಿ ನೋಡಿ.

ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಕೊಳ್ಳಬಹುದಾ?

ಧಾರಾಳವಾಗಿ. ನಿಮ್ಮ ಲ್ಯಾಪ್‌ಟಾಪ್ ಜೊತೆಗೆ ಒಯ್ದು ಅಲ್ಲೇ ಚುಚ್ಚಿ. ಪ್ರತಿ ಫೇಡರನ್ನೂ ತೀರಾ ನಿಧಾನವಾಗಿ ಎಳೆಯುತ್ತ ಪರದೆ ನೋಡಿ, ನಡುವೆ ಹಾರಿದರೆ ಧೂಳು ತುಂಬಿದೆ ಅಥವಾ ಸವೆದಿದೆ. ಯುಎಸ್‌ಬಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಸಂಪರ್ಕ ಕಡಿದರೆ ಬೇಡ. ಜಾಗ್ ಚಕ್ರದ ಮೇಲ್ಭಾಗವನ್ನು ಒಂದೇ ಬೆರಳಲ್ಲಿ ಮುಟ್ಟಿ, ಹಾಡು ನಿಲ್ಲಬೇಕು. ಪ್ಲೇ, ಕ್ಯೂ ಬಟನ್ ನೂರು ಸಲ ಒತ್ತಿದರೂ ನೂರು ಸಲ ಕೇಳಬೇಕು. ಪೆಟ್ಟಿಗೆಯ ಜೊತೆ ಬಂದ ಲೈಸೆನ್ಸ್ ಕೋಡನ್ನು ಮೊದಲಿನವರು ಬಳಸಿರುತ್ತಾರೆ, ಅದರ ದುಡ್ಡನ್ನು ಬೆಲೆಯಿಂದ ಕಳೆಯಿರಿ.

ಕಿವಿಗೆ ತೊಂದರೆಯಾಗದ ಹಾಗೆ ಎಷ್ಟು ಹೊತ್ತು?

ಅಮೆರಿಕದ ನಯೋಶ್ ಎಂಬ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧ: 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಡಿಜೆ ಬಾಕ್ಸಿನ ಹಿಂದೆ ನಿಲ್ಲಬೇಕು, ಮುಂದೆ ಅಲ್ಲ.

ತಮಟೆ ಏಟಿನ ಹಾಡುಗಳನ್ನು ಸಿಂಕ್ (ಎರಡು ಹಾಡಿನ ವೇಗ ತಾನೇ ಹೊಂದಿಸುವ ಬಟನ್) ಒತ್ತಿ ಸೇರಿಸಿದರೆ ಗಲಿಬಿಲಿ ಆಗುತ್ತದೆ. ಲ್ಯಾಪ್‌ಟಾಪಿನ ತಪ್ಪಾ, ಕಂಟ್ರೋಲರಿನದ್ದಾ?

ಎರಡರದ್ದೂ ಅಲ್ಲ. ತಮಟೆಯ ನಡಿಗೆ ಅನೇಕ ಸಲ 6/8. ಒಂದು ಹೆಜ್ಜೆಯೊಳಗೆ ಮೂರು ಪೆಟ್ಟು. ಸಾಫ್ಟ್‌ವೇರ್ ಕಲಿತಿರುವುದು ನಾಲ್ಕರ ಲೆಕ್ಕ. ನಿಮಿಷಕ್ಕೆ 100 ಹೆಜ್ಜೆ ಇರುವುದನ್ನು ಅದು ಎರಡೆರಡು ಪೆಟ್ಟಿಗೆ ಒಂದು ಎಂದು ಎಣಿಸಿ 150 ಎಂದು ಬರೆದುಕೊಳ್ಳುತ್ತದೆ. ಹಾಡಿಗೆ ನೀವೇ ಹೆಜ್ಜೆ ಹಾಕುತ್ತ ಟ್ಯಾಪ್ ಬಟನ್ ಒತ್ತಿ ಅಂಕಿ ತಿದ್ದಿ, ಗ್ರಿಡ್ಡಿನ (ಸಾಫ್ಟ್‌ವೇರ್ ಹಾಡಿನ ಮೇಲೆ ಎಳೆಯುವ ತಾಳದ ಗೆರೆಗಳ) ಮೊದಲ ಗೆರೆಯನ್ನು ದೊಡ್ಡ ಪೆಟ್ಟಿನ ಮೇಲೆ ಕೂರಿಸಿ. ಹಳೆಯ ಚಿತ್ರಗೀತೆಗಳದ್ದು ಇನ್ನೊಂದು ಬಗೆ. ಅವನ್ನು ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ್ದು, ಪಲ್ಲವಿಗೊಂದು ವೇಗ, ಚರಣಕ್ಕೆ ಕೂದಲೆಳೆಯಷ್ಟು ಬೇರೆ. ಒಂದೇ ಅಂಕಿಯ ಗ್ರಿಡ್ ಅರ್ಧ ಹಾಡಿನಲ್ಲಿ ಜಾರುತ್ತದೆ. ಬಾಗುವ ಗ್ರಿಡ್ ಹಾಕುವ ಸೌಲಭ್ಯ ನಿಮ್ಮ ಸಾಫ್ಟ್‌ವೇರಿನಲ್ಲಿದ್ದರೆ ನಾಲ್ಕೈದು ಕಡೆ ಗುರುತು ಹಾಕಿ. ಇಲ್ಲದಿದ್ದರೆ ಆ ಹಾಡಿಗೆ ಸಿಂಕ್ ಆಫ್ ಮಾಡಿ, ಟೆಂಪೊ ಫೇಡರ್ ಮೇಲೆ ಒಂದು ಬೆರಳು, ಜಾಗ್ ಚಕ್ರದ ಅಂಚಿನ ಮೇಲೆ ಇನ್ನೊಂದು ಬೆರಳು ಇಟ್ಟು ಕೈಯಲ್ಲೇ ಸೇರಿಸಿ.